ಮುಂದಿನ ಹಲ್ಲು ಎಣಿಸಿದ್ದು ಸಾಕು, ಹಿಂದೆ ನೋಡಿ

ಮಳೆ ನಿಂತು ನಂದಿ ಬೆಟ್ಟದ ಕಡೆ ಸೈಕಲ್‌ಗಳು ಹೊರಟವೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ರೋಡ್ ಬೈಕಿಗೆ ಟ್ರಿಪಲ್ ಒಳ್ಳೆಯದೋ, ಕಾಂಪ್ಯಾಕ್ಟ್ ಒಳ್ಳೆಯದೋ? ಟ್ರಿಪಲ್ ಅಂದರೆ ಪೆಡಲ್ ಹತ್ತಿರ ಮುಂದೆ ಮೂರು ಹಲ್ಲಿನ ರಿಂಗ್, ಕಾಂಪ್ಯಾಕ್ಟ್ ಅಂದರೆ ಎರಡು; 50, 34 ಅನ್ನುವ ಅಂಕಿಗಳು ಹಲ್ಲಿನ ಲೆಕ್ಕ. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕೂ ಜಾಸ್ತಿ ಇದೇ. ಹಾಗಾಗಿ ಒಂದನ್ನು ಹಿಡಿದು ಪೂರ್ತಿ ಉತ್ತರಿಸುತ್ತೇನೆ. ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲು ಕ್ಯಾಸೆಟ್, ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಡಿರೇಲರ್. ಇದಕ್ಕಿಂತ ಹೆಚ್ಚು ಹೇಳಿಕೊಡುತ್ತಾ ಕೂರುವುದಿಲ್ಲ. ಸೈಕಲ್ ತಲೆಕೆಳಗಾಗಿ ನಿಲ್ಲಿಸಿ ಐದು ನಿಮಿಷ ನೋಡಿ, ಗೊತ್ತಾಗುತ್ತದೆ.

ಪ್ರಶ್ನೆ: ನನಗೆ 46 ವರ್ಷ, ತೂಕ 82 ಕೆ.ಜಿ. ತುಮಕೂರಿನಲ್ಲಿದ್ದೇನೆ. ಎರಡು ಸೆಕೆಂಡ್ ಹ್ಯಾಂಡ್ ಸೈಕಲ್ ನೋಡಿದ್ದೇನೆ. ಒಂದು ಟ್ರಿಪಲ್, ಮುಂದೆ 50-39-30, ಹಿಂದೆ 12-25. ಇನ್ನೊಂದು ಕಾಂಪ್ಯಾಕ್ಟ್, ಮುಂದೆ 50-34, ಹಿಂದೆ 11-28. ನಂದಿ ಹತ್ತಬೇಕು, ಆಮೇಲೆ ಯಾವಾಗಲಾದರೂ ಆಗುಂಬೆ. ಟ್ರಿಪಲ್ ಅಂದರೆ ನಮ್ಮ ಗ್ರೂಪಿನವರು ನಗುತ್ತಾರೆ. ಯಾವುದು ತಗೊಳ್ಳಲಿ?

ಉತ್ತರ: ಮೊದಲು ಆ ನಗುವವರ ವಿಷಯ ಮುಗಿಸೋಣ. ಒಬ್ಬರು ಮಂಡಿ ನೋವು ಅಂತ ನನ್ನ ಹತ್ತಿರ ಸೈಕಲ್ ತಂದಿದ್ದರು. ಅದೂ ಟ್ರಿಪಲ್ಲೇ. ಅಷ್ಟರಲ್ಲಿ ಯಾರದೋ ಮಾತು ಕೇಳಿ ಸೀಟು ಬದಲಾಯಿಸಿದ್ದರು, ಶೂ ಬದಲಾಯಿಸಿದ್ದರು, ಮಂಡಿಗೆ ಯಾವುದೋ ಎಣ್ಣೆಯನ್ನೂ ತಿಕ್ಕಿಸಿಕೊಂಡಿದ್ದರು. ನಾನು ಬಟ್ಟೆಯಲ್ಲಿ ಕ್ರ್ಯಾಂಕ್, ಅಂದರೆ ಪೆಡಲ್ ಮತ್ತು ರಿಂಗು ಕೂರುವ ಭಾಗ, ಒರೆಸಿ ನೋಡಿದೆ. ನಡುವಿನ 39ರ ರಿಂಗಿನ ಹಲ್ಲುಗಳು ಸವೆದು, ಒಂದೇ ಕಡೆ ವಾಲಿ, ಗರಗಸದ ಹಾಗೆ ಚೂಪಾಗಿದ್ದವು. ಒಳಗಿನ 30ರ ರಿಂಗಿನ ಮೇಲೆ ಮಾತ್ರ ಫ್ಯಾಕ್ಟರಿಯ ಕಪ್ಪು ಬಣ್ಣ ಹಾಗೇ ಇತ್ತು. "ಇದನ್ನ ಯಾವತ್ತಾದರೂ ಮುಟ್ಟಿದ್ದೀರಾ ಸಾರ್?" ಅಂತ ಕೇಳಿದೆ. "ಇಲ್ಲ, ಅದಕ್ಕೆ ಇಳಿಸಿದರೆ ಟಕ್ ಅಂತ ಸದ್ದಾಗುತ್ತೆ. ಪಕ್ಕದವರಿಗೆ ಗೊತ್ತಾಗುತ್ತೆ" ಅಂದರು. ಮಂಡಿ ತಮ್ಮದು, ನಾಚಿಕೆ ಪಕ್ಕದವರದು! ಎಣ್ಣೆ ಬಿಡಿಸಿ ಗೇರ್ ಇಳಿಸಲು ಹೇಳಿ ಕಳಿಸಿದೆ.

ಈಗ ಲೆಕ್ಕ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ. ಬಂದ ಅಂಕಿ ಚಿಕ್ಕದಾದಷ್ಟೂ ಗೇರ್ ಹಗುರ. ನಿಮ್ಮ ಟ್ರಿಪಲ್‌ನ ಅತೀ ಹಗುರ ಗೇರ್ 30 ಭಾಗ 25, ಅಂದರೆ 1.20. ಕಾಂಪ್ಯಾಕ್ಟ್‌ನದು 34 ಭಾಗ 28, ಅಂದರೆ 1.21. ನೋಡಿದಿರಾ? ಯಾವ ಎರಡು ಸೈಕಲ್‌ಗಳ ನಡುವೆ ನಿದ್ದೆಗೆಟ್ಟಿರೋ, ಅವೆರಡೂ ಏರಿನಲ್ಲಿ ಒಂದೇ. ಮುಂದೆ ಮೂರು ರಿಂಗ್ ಇದ್ದ ಮಾತ್ರಕ್ಕೆ ಹತ್ತಲು ಸುಲಭ ಅನ್ನುವುದೂ ಸುಳ್ಳು, ಎರಡಿದ್ದರೆ ಸೈಕಲ್ ಜೋರು ಅನ್ನುವುದೂ ಸುಳ್ಳು.

ಇನ್ನೂ ಮುಖ್ಯವಾದ ಮಾತು ಬೇರೆ ಇದೆ. ಆ 1.20 ನಿಮಗೆ ಸಾಲುವುದಿಲ್ಲ. ನೀವು, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 93 ಕೆ.ಜಿ. ಅಂದುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆ. ರೂಢಿಯಿರುವ ಹವ್ಯಾಸಿ ಸವಾರ ಅರ್ಧ ಗಂಟೆ ಒಂದೇ ಸಮ 150 ವಾಟ್ ಕೊಟ್ಟರೆ ಚೆನ್ನಾಗಿಯೇ ತುಳಿದ ಹಾಗೆ. ಆಗ ವೇಗ ಗಂಟೆಗೆ ಸುಮಾರು 7 ಕಿ.ಮೀ. ಆ ವೇಗದಲ್ಲಿ 1.20 ಗೇರಿನಲ್ಲಿ ಪೆಡಲ್ ನಿಮಿಷಕ್ಕೆ 45 ಸುತ್ತು ತಿರುಗುತ್ತದೆ. ಅದು ತುಳಿಯುವುದಲ್ಲ, ರುಬ್ಬುಗುಂಡು ತಿರುಗಿಸುವುದು. ಮೇಲೆ ಹೇಳಿದೆನಲ್ಲ, 39ರಲ್ಲೇ ಹತ್ತುತ್ತಿದ್ದವರು, ಅವರದು 35 ಸುತ್ತು. ಮಂಡಿ ನೋಯದೆ ಇನ್ನೇನಾಗುತ್ತದೆ? ನಂದಿಯ ಕೊನೆಯ ತಿರುವುಗಳಲ್ಲಿ ರಸ್ತೆ ಇದಕ್ಕಿಂತ ಕಡಿದು. ಆಗುಂಬೆಯಲ್ಲಿ ಸೋಮೇಶ್ವರದಿಂದ ಮೇಲೆ ಹದಿನಾಲ್ಕು ಹೇರ್‌ಪಿನ್ ತಿರುವು, ಒಳಬದಿಯಲ್ಲಿ ಬಸ್ಸು ಬಂದರೆ ನೀವು ಹೊರಬದಿಗೆ ಸರಿದು ನಿಧಾನ ಮಾಡಿ ಮತ್ತೆ ಶುರು ಮಾಡಬೇಕು. ಹಾಗೆ ಮತ್ತೆ ಶುರು ಮಾಡುವಾಗ ಗೊತ್ತಾಗುತ್ತದೆ ಕೊನೆಯ ಗೇರಿನ ಬೆಲೆ.

ಆದ್ದರಿಂದ ಪ್ರಶ್ನೆ ಹೀಗೆ ಬದಲಾಗಬೇಕು: ಎರಡರಲ್ಲಿ ಯಾವುದರ ಕ್ಯಾಸೆಟ್ ಅನ್ನು ದೊಡ್ಡದು ಮಾಡಬಹುದು? ಕಾಂಪ್ಯಾಕ್ಟ್‌ಗೆ ಹಿಂದೆ 11-32 ಹಾಕಿದರೆ 34 ಭಾಗ 32, ಅಂದರೆ 1.06. ಟ್ರಿಪಲ್‌ಗೆ 11-28 ಹಾಕಿದರೆ 30 ಭಾಗ 28, ಅಂದರೆ 1.07. ಮತ್ತೆ ಸಮ! ಆದರೆ ಇಲ್ಲೊಂದು ಕಿತಾಪತಿ ಇದೆ. ಹಿಂದಿನ ಡಿರೇಲರ್ ಎಷ್ಟು ಸಡಿಲ ಚೈನ್ ಎಳೆದು ಹಿಡಿಯಬಲ್ಲದು ಅನ್ನುವುದಕ್ಕೆ ಮಿತಿ ಇದೆ. ಮುಂದಿನ ರಿಂಗುಗಳ ವ್ಯತ್ಯಾಸ, ಹಿಂದಿನ ಹಲ್ಲುಗಳ ವ್ಯತ್ಯಾಸ, ಎರಡನ್ನೂ ಕೂಡಿಸಿ. ಕಾಂಪ್ಯಾಕ್ಟ್‌ನಲ್ಲಿ ಈಗ 16 ಕೂಡಿಸು 17, ಅಂದರೆ 33. ಕೇಜ್ ಅಂದರೆ ಚೈನ್ ಬಿಗಿಹಿಡಿಯುವ ತೋಳು. ಗೇರ್ ತಯಾರಿಸುವ ಶಿಮಾನೋ ಕಂಪನಿಯ ಗಿಡ್ಡ ಕೇಜಿನ ಡಿರೇಲರ್‌ಗೆ ಅಷ್ಟೇ ಸರಿ. 32ರ ಕ್ಯಾಸೆಟ್ ಹಾಕಿದರೆ 37 ಆಗುತ್ತದೆ, ಗಿಡ್ಡ ಕೇಜ್ ಕೈಚೆಲ್ಲುತ್ತದೆ. ಟ್ರಿಪಲ್ ಇರುವ ಸೈಕಲ್‌ಗೆ ಕಂಪನಿಯೇ ಉದ್ದ ಕೇಜ್ ಹಾಕಿರುತ್ತದೆ, ಇಲ್ಲದಿದ್ದರೆ ಅದು ಓಡುತ್ತಲೇ ಇರಲಿಲ್ಲ. "ಏನೂ ಆಗಲ್ಲ ಸಾರ್, ಚೈನ್ ಎರಡು ಕೊಂಡಿ ಕಟ್ ಮಾಡಿದ್ರೆ ಸರಿಹೋಗುತ್ತೆ" ಅನ್ನುವ ಮೆಕ್ಯಾನಿಕ್ ಸಿಕ್ಕರೆ ಸೈಕಲ್ ಎತ್ತಿಕೊಂಡು ಬನ್ನಿ. ಹಾಗೆ ಕಟ್ ಮಾಡಿದ ಚೈನಿನಲ್ಲಿ ಮುಂದಿನ ದೊಡ್ಡ ರಿಂಗಿಗೆ ಹಿಂದಿನ ದೊಡ್ಡದು ಬಿದ್ದ ದಿನ ಡಿರೇಲರ್ ಮುರಿದು ಸ್ಪೋಕ್‌ನೊಳಗೆ ಹೋಗುತ್ತದೆ. ಹಾಗೆ ಹೋದದ್ದನ್ನು ನಾನೇ ಬಿಡಿಸಿದ್ದೇನೆ.

ಸಮತಟ್ಟಿನಲ್ಲಿ ಯಾವುದು ಹಿತ ಅಂತ ಕೇಳಿದರೆ, ಟ್ರಿಪಲ್. ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಕಡೆಯ ರಸ್ತೆಗಳಲ್ಲಿ ಗಂಟೆಗೆ 25 ಕಿ.ಮೀ. ಆಸುಪಾಸಿನಲ್ಲೇ ಹೆಚ್ಚು ಹೊತ್ತು ಕಳೆಯುತ್ತೇವೆ ಅಲ್ವಾ? ಟ್ರಿಪಲ್‌ನಲ್ಲಿ ಅದು 39-17, ಅಂದರೆ ಮುಂದೆ 39, ಹಿಂದೆ 17, ಕ್ಯಾಸೆಟ್ಟಿನ ನಟ್ಟನಡುವೆ. ಸಣ್ಣ ಏರು ಬಂದರೂ ಇಳಿಜಾರು ಬಂದರೂ ಹಿಂದಿನ ಗೇರ್ ಬದಲಿಸುವ ಬಲಗೈ ಒಂದೇ ಸಾಕು. ಕಾಂಪ್ಯಾಕ್ಟ್‌ನಲ್ಲಿ ಅದೇ ವೇಗ 50-21 ಆಗಬಹುದು, 34-15 ಕೂಡ ಆಗಬಹುದು. ಅತ್ತ ಹೋಗಲೋ ಇತ್ತ ಹೋಗಲೋ ಅನ್ನುವ ಜಾಗ. ಮುಂದೆ 50ರಿಂದ 34ಕ್ಕೆ ಇಳಿಸಿದ ಕೂಡಲೇ ಕಾಲು ಗಾಳಿಯಲ್ಲಿ ತಿರುಗಿದ ಹಾಗಾಗುತ್ತದೆ, ಹಿಂದೆ ಎರಡು ಮೂರು ಗೇರ್ ಏರಿಸಬೇಕು. ಅಭ್ಯಾಸವಾಗುತ್ತದೆ, ಆದರೆ ಕಿರಿಕಿರಿ ಕಿರಿಕಿರಿಯೇ.

ಹಾಗಾದರೆ ಟ್ರಿಪಲ್ ಯಾಕೆ ಕಾಣೆಯಾಗುತ್ತಿದೆ? ಹಿಂದಿನ ಚಕ್ರಕ್ಕೆ 11 ಗೇರ್ ಬಂದು, ಕ್ಯಾಸೆಟ್ 32, 34ರವರೆಗೆ ಹಿಗ್ಗಿತು. ಶಿಮಾನೋ 2013ರಲ್ಲಿ ಅಲ್ಟೆಗ್ರಾ ಅನ್ನುವ ತನ್ನ ಗೇರ್ ಸೆಟ್ಟನ್ನು 11 ಸ್ಪೀಡ್‌ನಲ್ಲಿ ತಂದಾಗ ಟ್ರಿಪಲ್ ಕೈಬಿಟ್ಟಿತು, ಮರುವರ್ಷ 105 ಅನ್ನುವ ಸೆಟ್ಟಿನಲ್ಲೂ ಬಿಟ್ಟಿತು. ಹಾಗಾಗಿ ಹಳೆಯ ಒಳ್ಳೆಯ ಟ್ರಿಪಲ್‌ನ ಎಡಗೈ ಶಿಫ್ಟರ್, ಅಂದರೆ ಮುಂದಿನ ಗೇರ್ ಬದಲಿಸುವ ಲಿವರ್, ಕೆಟ್ಟರೆ ಬದಲಿ ಹುಡುಕುವುದು ತಲೆನೋವು. ಕಾಂಪ್ಯಾಕ್ಟ್‌ನ ಎಡ ಶಿಫ್ಟರ್ ತಂದು ಹಾಕಿದರೆ ಮೂರು ರಿಂಗ್‌ಗೆ ಆಗುವುದಿಲ್ಲ.

ನಿಮಗೆ ನನ್ನ ತೀರ್ಪು: ಕಾಂಪ್ಯಾಕ್ಟ್ ಸೈಕಲ್‌ನ ಹಿಂದಿನ ಡಿರೇಲರ್ ಉದ್ದ ಕೇಜಿನದಾಗಿದ್ದರೆ ಅದನ್ನೇ ತಗೊಂಡು, ಮೊದಲ ದಿನವೇ 32ರ ಕ್ಯಾಸೆಟ್, ಹೊಸ ಚೈನ್ ಹಾಕಿಸಿ. ಗಿಡ್ಡ ಕೇಜಾಗಿದ್ದು, ಆ ಟ್ರಿಪಲ್‌ನ ಎಡ ಶಿಫ್ಟರ್ ಮೂರೂ ರಿಂಗಿಗೆ ಒದ್ದಾಡದೆ ಹೋಗುತ್ತಿದ್ದರೆ, ಟ್ರಿಪಲ್ ತಗೊಂಡು 28 ಹಾಕಿಸಿ. ಓಡಿಸಿ ನೋಡುವಾಗ ಖಾಲಿ ರಸ್ತೆಯಲ್ಲಲ್ಲ, ಒಂದು ಫ್ಲೈಓವರ್ ಏರುತ್ತಾ 39ರಿಂದ 30ಕ್ಕೆ ಇಳಿಸಿ ನೋಡಿ. ಅಲ್ಲಿ ಚೈನ್ ಒಳಗೆ ಬಿದ್ದರೆ ಬೆಲೆ ಇಳಿಸಿ ಕೇಳಿ. ಹೊಸ ಸೈಕಲ್ ಕೊಳ್ಳುವವರು ಈ ಪುರಾಣ ಓದುವುದೇ ಬೇಡ. ಕಾಂಪ್ಯಾಕ್ಟ್, ಹಿಂದೆ 34, ಅಷ್ಟೇ. ಮಂಡಿ ವಿಷಯದಲ್ಲಿ ನಾನು ಸ್ವಲ್ಪ ಹೆದರುಪುಕ್ಕಲ, ಒಂದು ಗೇರ್ ಉಳಿದರೂ ಪರವಾಗಿಲ್ಲ ಅನ್ನುವವನು.

ಪ್ರಶ್ನೆ: ಕಾಂಪ್ಯಾಕ್ಟ್ ಕ್ರ್ಯಾಂಕ್‌ನಲ್ಲಿ 34 ತೆಗೆದು 30 ಹಾಕಬಹುದಾ?

ಉತ್ತರ: ಬೋಲ್ಟ್‌ಗಳ ವೃತ್ತ 110 ಮಿಲಿಮೀಟರ್ ಇರುವ ಕ್ರ್ಯಾಂಕಿಗೆ 30 ಹಲ್ಲಿನ ರಿಂಗ್ ಕೂರುವುದೇ ಇಲ್ಲ. ಹಾಕಿಕೊಡುತ್ತೇನೆ ಅಂದವರು ಯಾರು?

ಪ್ರಶ್ನೆ: 27 ಗೇರ್ ಸೈಕಲ್ 18 ಗೇರಿನದಕ್ಕಿಂತ ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ಆ 27ರಲ್ಲಿ ಎಷ್ಟೋ ಗೇರುಗಳು ಒಂದರ ಮೇಲೊಂದು ಬಿದ್ದಿರುತ್ತವೆ.

ಪ್ರಶ್ನೆ: ಕಾಂಪ್ಯಾಕ್ಟ್ ಹಾಕಿದರೆ ಇಳಿಜಾರಿನಲ್ಲಿ ಸ್ಪೀಡ್ ಸಿಗುವುದಿಲ್ಲವಂತೆ, ನಿಜವೇ?

ಉತ್ತರ: 50-11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 51 ಕಿ.ಮೀ. ದಾಟುತ್ತದೆ. ನಂದಿಯ ತಿರುವಿನಲ್ಲಿ ಎದುರಿಗೆ ಕಾರು ಬರುವಾಗ ನಿಮಗೆ ಬೇಕಾಗಿರುವುದು ಗೇರಲ್ಲ, ಬ್ರೇಕ್.

ಪ್ರಶ್ನೆ: 200 ಕಿ.ಮೀ. ಬ್ರೆವೆಗೆ ರೇಸಿನವರ 53-39 ಹಾಕಿಸಲೇ?

ಉತ್ತರ: ಬ್ರೆವೆ ಅಂದರೆ ಗಡುವಿನೊಳಗೆ ಮುಗಿಸುವ ದೂರದ ಸವಾರಿ. ನಿಮಗೆ ಹದಿಮೂರೂವರೆ ಗಂಟೆ ಸಮಯ ಕೊಟ್ಟಿರುತ್ತಾರೆ. ಯಾರ ಮೇಲೆ ರೇಸ್?

ಪ್ರಶ್ನೆ: ಚೈನ್‌ಗೆ ಕೊಬ್ಬರಿ ಎಣ್ಣೆ ಹಾಕಬಹುದಾ?

ಉತ್ತರ: ತಲೆಗೆ ಹಾಕಿಕೊಳ್ಳಿ.