ಟೆಂಪ್ಲರ್‌ಗಳು ಎಲ್ಲಿ ಹೋದರು?

ಟೆಂಪ್ಲರ್‌ಗಳು ಅಂದ್ರೆ ಕ್ರುಸೇಡ್ ಧರ್ಮಯುದ್ಧಗಳ ಕಾಲದ ಕ್ರೈಸ್ತ ಸನ್ಯಾಸಿ-ಯೋಧರ ಪಂಥದವರು. 1307ರಲ್ಲಿ ಬಂಧಿಸಿದ ಟೆಂಪ್ಲರ್ ಯೋಧರನ್ನೆಲ್ಲ ಸುಟ್ಟುಬಿಟ್ರಾ, ಅವರ ಆಸ್ತಿ ಯಾರ ಪಾಲಾಯ್ತು ಅಂತ ಕೇಳಿದ್ದೀರಿ. ಎಲ್ಲರನ್ನೂ ಸುಡಲಿಲ್ಲ. ಕ್ರೌರ್ಯ ಜಾಸ್ತಿ ನಡೆದಿದ್ದು ಫ್ರಾನ್ಸಿನಲ್ಲಿ. ಅಲ್ಲಿನ ರಾಜ ನಾಲ್ಕನೇ ಫಿಲಿಪ್ ಟೆಂಪ್ಲರ್‌ಗಳಿಂದ ಸಾಲ ಮಾಡಿಕೊಂಡಿದ್ದ. ಅವರ ಮೇಲೆ ಹೊರಿಸಿದ ಧರ್ಮದ್ರೋಹದ ಆರೋಪ ನನ್ನ ಪ್ರಕಾರ ಬರೀ ನೆಪ. 1312ರಲ್ಲಿ ಪೋಪ್ ಐದನೇ ಕ್ಲೆಮೆಂಟ್ ಪಂಥವನ್ನೇ ರದ್ದು ಮಾಡಿ, ಆಸ್ತಿಯನ್ನು ಅಂಥದ್ದೇ ಇನ್ನೊಂದು ಕ್ರೈಸ್ತ ಪಂಥವಾದ ಹಾಸ್ಪಿಟಲರ್ ಯೋಧರಿಗೆ ಕೊಡಿಸಿದರು. 1314ರಲ್ಲಿ ಟೆಂಪ್ಲರ್‌ಗಳ ಮುಖ್ಯಸ್ಥ ಜಾಕ್ ದ ಮೊಲೆಯನ್ನು ಪ್ಯಾರಿಸ್ಸಿನಲ್ಲಿ ಸುಟ್ಟರು.

ಸ್ವಾರಸ್ಯ ಇರೋದು ಪೋರ್ಚುಗಲ್ಲಿನಲ್ಲಿ. ರಾಜ ದಿನಿಸ್ 1319ರಲ್ಲಿ 'ಕ್ರಿಸ್ತನ ಪಂಥ' ಅಂತ ಹೊಸದೊಂದನ್ನು ಕಟ್ಟಿಸಿ, ಟೆಂಪ್ಲರ್ ಆಸ್ತಿಯನ್ನು ಅದಕ್ಕೆ ಸೇರಿಸಿದ. ಬೋರ್ಡು ಮಾತ್ರ ಬದಲಾಯ್ತು, ಅಲ್ವಾ? ಅಲ್ಲಿ ಟೆಂಪ್ಲರ್‌ಗಳದ್ದಾಗಿದ್ದ ತೊಮಾರ್ ಕೋಟೆ, ಅದರೊಳಗಿನ ದುಂಡಗಿನ ಚರ್ಚು ಈಗಲೂ ಇವೆ. ವಾಸ್ಕೋ ಡ ಗಾಮ ಹೊರಟಾಗ ಹಿಡಿದಿದ್ದು ಇದೇ ಪಂಥದ ಶಿಲುಬೆಯ ಬಾವುಟ. 1498ರಲ್ಲಿ ಅವನ ಹಡಗುಗಳು ನಮ್ಮ ಕಾರವಾರದ ಹತ್ತಿರದ ಅಂಜುದೀವ್ ದ್ವೀಪದಲ್ಲೂ ಲಂಗರು ಹಾಕಿದ್ದವು.