‘ದೊರಕುವಂತಾಗಬೇಕು’ ಅಂದರೆ ಯಾರು ಕೊಡಬೇಕು?

ನಮಸ್ಕಾರ.

ಬಾಸ್ಟನ್‌ನಿಂದ ನೀವು ಕಳಿಸಿದ ‘ಕರುಳಿಗೆ ಹೊಸ ಬೆಳಕು’ ಲೇಖನ ಓದಿದೆ. ಆಂಟಿಬಯಾಟಿಕ್ ತಿಂದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತಾಗ ಸಿ. ಡಿಫ್ ಎಂಬ ಕೆಟ್ಟ ಬ್ಯಾಕ್ಟೀರಿಯಾ ಹೇಗೆ ಜಾಗ ಹಿಡಿಯುತ್ತದೆ, ಭೇದಿ ನಿಂತಂತೆ ಮಾಡಿ ಹೇಗೆ ಮತ್ತೆ ಮತ್ತೆ ಬರುತ್ತದೆ ಅನ್ನೋದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ನಿಮ್ಮ ಮನೆ ಮಾಲೀಕರ ಅಜ್ಜಿ ಬಚ್ಚಲುಮನೆಯ ನೆಲದಲ್ಲಿ ಕೂತು, ವಿಮಾ ಕಂಪನಿಯವರು ಫೋನ್ ಎತ್ತಲಿ ಅಂತ ಕಾಯುವ ಸಾಲು ಮನಸ್ಸಿಗೆ ತಟ್ಟಿತು. ಹೊಗಳಿಕೆ ಇಷ್ಟು ಸಾಕು.

ಸಿಟ್ಟು ಬಂದದ್ದು ಎರಡನೇ ಪ್ಯಾರಾದಲ್ಲಿ. ‘ಆರೋಗ್ಯವಂತ ದಾನಿಯಿಂದ ಪಡೆದ ಜೈವಿಕ ದ್ರವ್ಯವನ್ನು ರೋಗಿಯ ಕರುಳಿಗೆ ವರ್ಗಾಯಿಸಲಾಗುತ್ತದೆ.’ ಯಾವ ದ್ರವ್ಯ? ರಕ್ತವೋ, ಜೊಲ್ಲೋ? ಮಲ ಅಂತ ಬರೆಯಿರಿ. ಸಗಣಿ ಬಾಚಿ ಬೆಳೆದ ಜನ ನಾವು, ಅಷ್ಟಕ್ಕೆಲ್ಲ ಮೂಗು ಮುಚ್ಚಿಕೊಳ್ಳುವುದಿಲ್ಲ. 1958ರಲ್ಲೇ ಡೆನ್ವರ್‌ನ ಸರ್ಜನ್ ಬೆನ್ ಐಸ್‌ಮನ್ 4 ರೋಗಿಗಳಿಗೆ ಎನಿಮಾದಲ್ಲಿ ಮಲ ಕೊಟ್ಟು, ಹಾಗಂತಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ನೀವು ಇನ್ನೂ ನಾಚುತ್ತಿದ್ದೀರಿ.

ನಾಚಿಕೆಯಿಂದ ನಷ್ಟವೂ ಇದೆ. 2019ರಲ್ಲಿ ಅಮೆರಿಕದಲ್ಲಿ ಈ ಚಿಕಿತ್ಸೆ ಪಡೆದ ಒಬ್ಬ ರೋಗಿ ಸತ್ತರು. ದಾನಿಯ ಮಲದಲ್ಲಿ ಔಷಧಿಗೆ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾ ಇತ್ತು. ಕೊಡುವ ಮೊದಲು ಅದನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ‘ಜೈವಿಕ ದ್ರವ್ಯ’ ಅಂದರೆ ಓದುವವರಿಗೆ ಆ ಭಯ ತಿಳಿಯೋದು ಹೇಗೆ?

ಮುಂದಿನ ಸಾಲು: ‘ಗಣನೀಯ ಸುಧಾರಣೆ ಕಂಡುಬಂದಿದೆ.’ ಕಂಡವರು ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರು, 2013ರಲ್ಲಿ. ಮಲದ ದ್ರಾವಣವನ್ನು ಒಂದೇ ಸಲ ಕೊಟ್ಟಾಗ 16 ರೋಗಿಗಳಲ್ಲಿ 13 ಮಂದಿಗೆ ವಾಸಿಯಾಯಿತು. ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್ ಮಾತ್ರ ತೆಗೆದುಕೊಂಡ 13 ಜನರಲ್ಲಿ ವಾಸಿಯಾದದ್ದು 4 ಮಂದಿಗೆ. ಇಂಥ ಲೆಕ್ಕ ಕೈಯಲ್ಲಿದ್ದಾಗ ‘ಗಣನೀಯ’ ಯಾಕ್ರೀ ಬೇಕು?

ಇನ್ನು ಕೊನೆಯ ಸಾಲು. ‘ಈ ಚಿಕಿತ್ಸೆ ಎಲ್ಲ ರೋಗಿಗಳಿಗೂ ಸುಲಭವಾಗಿ ದೊರಕುವಂತಾಗಬೇಕಾಗಿದೆ.’ ಈ ‘ಆಗಬೇಕಾಗಿದೆ’ ಕಂಡರೆ ನನಗೆ ಮೈಯೆಲ್ಲ ಉರಿ.

ಅದಕ್ಕೆ ಕಾರಣವಿದೆ. ಒಂದು ಜಿಲ್ಲಾ ಪತ್ರಿಕೆಗೆ ಸೇರಿದ ಹೊಸದರಲ್ಲಿ ‘ನೀರು ಪೂರೈಕೆಯಲ್ಲಿ ವ್ಯತ್ಯಯ ಉಂಟಾಗಿದೆ’ ಅಂತ ಬರೆದುಕೊಟ್ಟಿದ್ದೆ. ಮುಖ್ಯ ಉಪಸಂಪಾದಕರು ಹಾಳೆಯನ್ನು ಹಿಂದಕ್ಕೆ ತಳ್ಳಿ, ‘ವಾಲ್ವು ತಿರುಗಿಸಿದವನು ಯಾರಪ್ಪಾ?’ ಅಂದರು. ಬಿಸಿಲಲ್ಲಿ ಸೈಕಲ್ ತುಳಿದು ಹೋದೆ. ನೀರು ಬಿಡುವವನು ಟ್ಯಾಂಕ್ ಕೆಳಗೆ ಬೀಡಿ ಸೇದುತ್ತಾ ಕೂತಿದ್ದ. ಮೂರು ತಿಂಗಳಿಂದ ಅವನಿಗೆ ಸಂಬಳ ಕೊಟ್ಟಿರಲಿಲ್ಲ. ಮಾರನೇ ದಿನ ಸುದ್ದಿ ಮುಖಪುಟಕ್ಕೆ ಬಂತು, ನನ್ನ ಹೆಸರಿಲ್ಲದೆ. ಆ ಬೇಜಾರು ಇನ್ನೂ ಇದೆ, ಬಿಡಿ.

ನಿಮ್ಮ ಕಥೆಯಲ್ಲೂ ವಾಲ್ವು ತಿರುಗಿಸಿದವರಿದ್ದಾರೆ, ಅದೂ ನಿಮ್ಮ ಪಕ್ಕದಲ್ಲೇ. ಲಾಭಕ್ಕಲ್ಲದ ಓಪನ್‌ಬಯೋಮ್ ಮಲಬ್ಯಾಂಕ್ 2012ರಲ್ಲಿ ಹುಟ್ಟಿದ್ದು ನಿಮ್ಮ ಮ್ಯಾಸಚೂಸೆಟ್ಸ್‌ನಲ್ಲಿ. ದಾನಿಯಾಗಲು ಬಂದ 100 ಜನರಲ್ಲಿ 3 ಮಂದಿಯೂ ಅಲ್ಲಿ ಪಾಸಾಗುತ್ತಿರಲಿಲ್ಲ. ಪಾಸಾದವರ ಮಲವನ್ನು ಸೋಸಿ, ಫ್ರೀಜ್ ಮಾಡಿ ಆಸ್ಪತ್ರೆಗಳಿಗೆ ಕಳಿಸುತ್ತಿದ್ದರು. ಶುರುವಿನಲ್ಲಿ ಒಂದು ಡೋಸಿಗೆ 250 ಡಾಲರ್. 2022ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ದಾನಿಯ ಮಲದಿಂದಲೇ ಮಾಡಿದ ರೆಬಯೋಟಾ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿತು. ಅದೇ ತಿಂಗಳು, ಇಂಥ ಒಪ್ಪಿಗೆಯಿಲ್ಲದೆ ಮಲ ಕಳಿಸಲು ಮಲಬ್ಯಾಂಕುಗಳಿಗೆ ಕೊಟ್ಟಿದ್ದ ಸಡಿಲಿಕೆಯನ್ನು ಹಿಂದಕ್ಕೆ ತೆಗೆದುಕೊಂಡಿತು. 2023ರ ಏಪ್ರಿಲ್‌ನಲ್ಲಿ ಅದೇ ಬಗೆಯ ವೌಸ್ಟ್ ಗುಳಿಗೆಗೂ ಒಪ್ಪಿಗೆ ಸಿಕ್ಕಿತು. ದಿನಕ್ಕೆ 4ರಂತೆ 3 ದಿನ, ಒಟ್ಟು 12 ಗುಳಿಗೆಗೆ ಕಂಪನಿ ಇಟ್ಟ ಪಟ್ಟಿ ಬೆಲೆ 17,500 ಡಾಲರ್! 2024ರ ಕೊನೆಗೆ ಓಪನ್‌ಬಯೋಮ್ ಡೋಸ್ ಕಳಿಸುವುದನ್ನು ನಿಲ್ಲಿಸಿತು. ಎರಡೂ ಔಷಧಿಗೆ ಒಪ್ಪಿಗೆ ಸಿಕ್ಕಿದ್ದು 18 ತುಂಬಿದವರಿಗೆ ಮಾತ್ರ. ಹಾಗಾದರೆ ಮಕ್ಕಳಿಗೆ?

ಹೌದು, ಔಷಧಿಯಾದ ಮೇಲೆ ಪರೀಕ್ಷೆ ಬಿಗಿಯಾಯಿತು, 2019ರ ಸಾವನ್ನು ಮರೆಯೋ ಹಾಗಿಲ್ಲ ಅನ್ನುವವರೂ ಇದ್ದಾರೆ. ಅವರ ಮಾತನ್ನೂ ಹಾಕಿ. ಆದರೆ ಯಾರು ಏನು ಮಾಡಿದರು ಅಂತ ಹೇಳಿ.

ಉಳಿದ ತಪ್ಪುಗಳನ್ನು ನಾನೇ ತಿದ್ದಿಕೊಳ್ಳುತ್ತೇನೆ. ಒಂದು ಕೆಲಸ ಮಾತ್ರ ನೀವೇ ಮಾಡಬೇಕು. ಅಜ್ಜಿಯ ಹತ್ತಿರ ಹೋಗಿ, ಕೊನೆಗೆ ಫೋನ್ ಎತ್ತಿದವರು ಏನು ಹೇಳಿದರು ಅಂತ ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು 20ನೇ ತಾರೀಕಿನೊಳಗೆ ಕಳಿಸಿ. ಶೀರ್ಷಿಕೆಯಲ್ಲಿ ‘ಬೆಳಕು’ ಬೇಡ.