ಕಣ್ಣು ಮುಚ್ಚಿ ಕೂತರೆ ತಲೆ ತುಂಬ ಗದ್ದಲ: ಕ್ಯಾಂಪಸ್‌ನಿಂದ ಬಂದ ಪ್ರಶ್ನೆಗಳು

ವಿಶ್ವವಿದ್ಯಾಲಯದಲ್ಲಿ ಓದುವವರು, ಪಾಠ ಮಾಡುವವರು, ಕಚೇರಿಯಲ್ಲಿ ದುಡಿಯುವವರು ಧ್ಯಾನ ಮತ್ತು ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಅಭ್ಯಾಸ) ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲ ನಮ್ಮ ಆಪ್ತಸಮಾಲೋಚಕರ ಉತ್ತರ. ಕೇಳಿದವರ ಹೆಸರು ಕೊಟ್ಟಿಲ್ಲ.

ಪ್ರಶ್ನೆ: ಪದವಿ ಎರಡನೇ ವರ್ಷದಲ್ಲಿದ್ದೇನೆ. ಪರೀಕ್ಷೆ ಹತ್ತಿರ ಬಂತು. ಓದಲು ಕೂತರೆ ಮನಸ್ಸು ಎಲ್ಲೆಲ್ಲೋ ಓಡುತ್ತದೆ ಅಂತ ಧ್ಯಾನ ಶುರು ಮಾಡಿದೆ. ಅಲ್ಲೂ ಅದೇ ಕತೆ. ಹತ್ತು ನಿಮಿಷ ಕೂತರೆ ಒಂದು ನಿಮಿಷವೂ ಮನಸ್ಸು ಖಾಲಿ ಆಗಲ್ಲ. ಇದು ನನಗೆ ಒಗ್ಗಲ್ಲ ಅನ್ನಿಸುತ್ತಿದೆ. ಬಿಟ್ಟುಬಿಡಲಾ?

ಮನಸ್ಸು ಖಾಲಿ ಮಾಡಬೇಕು ಅಂತ ಹೇಳಿದ್ದು ಯಾರು? ನನ್ನ ಹತ್ತಿರ ಬರುವ ಬಹಳಷ್ಟು ವಿದ್ಯಾರ್ಥಿಗಳು ಇದೇ ಕಲ್ಪನೆ ಹೊತ್ತು ಬರುತ್ತಾರೆ. ಮನಸ್ಸು ಅಲೆಯುವುದು ಅದರ ಸ್ವಭಾವ. ಹಾರ್ವರ್ಡ್‌ನ ಇಬ್ಬರು ಮನಶ್ಶಾಸ್ತ್ರಜ್ಞರು 2,250 ಜನರಿಗೆ ದಿನದ ನಡುವೆ ಆಗಾಗ ಫೋನಿನಲ್ಲೇ 'ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ' ಎಂದು ಕೇಳಿದ್ದರು. 2010ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ, ಸುಮಾರು ಶೇ. 47ರಷ್ಟು ಹೊತ್ತು ಮನಸ್ಸು ಮಾಡುತ್ತಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು. ಹೆಚ್ಚುಕಡಿಮೆ ಅರ್ಧ! ನಿಮ್ಮದೇನೂ ವಿಶೇಷ ಕೇಸಲ್ಲ.

ಹೀಗೆ ಮಾಡಿ ನೋಡಿ. ಕುರ್ಚಿಯಲ್ಲಿ ಕೂರಿ, ಎರಡೂ ಪಾದ ನೆಲಕ್ಕೆ ತಾಗಲಿ. ಫೋನ್ ಕೈಗೆಟುಕದಷ್ಟು ದೂರ ಇರಲಿ. ಸೈಲೆಂಟ್ ಮಾಡಿ ಪಕ್ಕದಲ್ಲೇ ಇಟ್ಟುಕೊಂಡರೆ ಪ್ರಯೋಜನ ಇಲ್ಲ. ಉಸಿರು ಎಲ್ಲಿ ಚೆನ್ನಾಗಿ ಗೊತ್ತಾಗುತ್ತದೆ ನೋಡಿ. ಕೆಲವರಿಗೆ ಮೂಗಿನ ಹೊಳ್ಳೆಯ ಅಂಚಿನಲ್ಲಿ, ಕೆಲವರಿಗೆ ಹೊಟ್ಟೆ ಏರಿಳಿಯುವಲ್ಲಿ. ಒಂದು ಜಾಗ ಆರಿಸಿಕೊಂಡು, ಉಸಿರು ಹೊರಗೆ ಹೋದಾಗಲೆಲ್ಲ ಒಂದು, ಎರಡು ಅಂತ ಹತ್ತರವರೆಗೆ ಎಣಿಸಿ. ನಾಲ್ಕಕ್ಕೆ ಬರುವಷ್ಟರಲ್ಲಿ ನಾಳೆ ಕೊಡಬೇಕಾದ ಅಸೈನ್‌ಮೆಂಟ್ ನೆನಪಾಗುತ್ತದೆ. ಅಲ್ಲಿಂದ ಗೆಳತಿ ವಾಪಸ್ ಕೊಡದ ನೋಟ್ಸ್, ಅಲ್ಲಿಂದ ಅವಳು ಮೊನ್ನೆ ಆಡಿದ ಮಾತು. ಆಮೇಲೆ ಇದ್ದಕ್ಕಿದ್ದಂತೆ 'ಅರೆ, ಎಣಿಸ್ತಾ ಇದ್ದೆನಲ್ಲ' ಅನ್ನಿಸುತ್ತದೆ. ಆ 'ಅರೆ' ಇದೆಯಲ್ಲ, ಇಡೀ ಅಭ್ಯಾಸ ಇರುವುದೇ ಅದಕ್ಕಾಗಿ. ಬೈದುಕೊಳ್ಳಬೇಡಿ, ಮತ್ತೆ ಒಂದರಿಂದ ಶುರು ಮಾಡಿ. ಮೂವತ್ತು ಸಲ ತಪ್ಪಿ ಮೂವತ್ತು ಸಲ ವಾಪಸ್ ಬಂದಿರಾ? ಮೂವತ್ತು ಸಲ ಅಭ್ಯಾಸ ಆಯಿತು ಅಂತ ಲೆಕ್ಕ. ಓದುವಾಗ ಬೇಕಾದದ್ದೂ ಇದೇ ಅಲ್ವಾ? ಕಣ್ಣು ಸಾಲಿನ ಮೇಲೆ ಓಡುತ್ತಿದೆ, ತಲೆಗೆ ಏನೂ ಹೋಗುತ್ತಿಲ್ಲ ಅನ್ನೋದು ಮೂರು ಪುಟ ಆದಮೇಲೆ ಗೊತ್ತಾಗುವ ಬದಲು ಮೂರನೇ ಸಾಲಿಗೇ ಗೊತ್ತಾಗಬೇಕು.

ಹೊತ್ತಿನ ವಿಷಯ. ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶುರು ಮಾಡಿದ, ಈಗ ಎಂಟು ವಾರ ನಡೆಯುವ ಪ್ರಸಿದ್ಧ ಮೈಂಡ್‌ಫುಲ್‌ನೆಸ್ ಕೋರ್ಸಿನಲ್ಲಿ ಮನೆಯಲ್ಲಿ ದಿನಕ್ಕೆ ಸುಮಾರು 45 ನಿಮಿಷ ಅಭ್ಯಾಸ ಮಾಡಬೇಕು. ಅದನ್ನು ಮೊದಲು ರೂಪಿಸಿದ್ದು ವರ್ಷಗಟ್ಟಲೆ ನೋವು, ಕಾಯಿಲೆ ಅನುಭವಿಸಿದವರಿಗಾಗಿ. ವಿದ್ಯಾರ್ಥಿಗಳಿಗೆ ಅಷ್ಟು ಹೇಳಿದರೆ ಮೂರನೇ ದಿನಕ್ಕೇ ಕೈಬಿಡುತ್ತಾರೆ. ಡ್ಯೂಕ್ ವಿಶ್ವವಿದ್ಯಾಲಯದ ಮನೋವೈದ್ಯರು ಕಾಲೇಜು ವಯಸ್ಸಿನವರಿಗೆಂದೇ ಮಾಡಿದ ಕೋರ್ಸಿನಲ್ಲಿ ನಾಲ್ಕೇ ತರಗತಿ, ಮನೆಯಲ್ಲಿ ದಿನಕ್ಕೆ ಹತ್ತೇ ನಿಮಿಷ. ನಿಮಗೂ ಅಷ್ಟು ಸಾಕು.

ಆದರೆ ಒಂದು ಮಾತು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 616 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂಟು ವಾರ ಇದನ್ನು ಕಲಿಸಿದರು. ಪರೀಕ್ಷೆಯ ದಿನಗಳಲ್ಲಿ ಆ ಗುಂಪಿನವರ ಸಂಕಟ ಉಳಿದವರಿಗಿಂತ ಕಡಿಮೆ ಇತ್ತು. ಅವರು ಕಲಿತದ್ದು ಪರೀಕ್ಷೆಗೆ ತಿಂಗಳುಗಟ್ಟಲೆ ಮೊದಲು. ನೀವು ಕೊನೇ ಗಳಿಗೆಯಲ್ಲಿ ಶುರು ಮಾಡಿದ್ದೀರಿ, ಹಾಗಾಗಿ ಈ ಸಲದ ಪರೀಕ್ಷೆಗೆ ಇದರಿಂದ ಜಾಸ್ತಿ ನಿರೀಕ್ಷೆ ಬೇಡ. ಸದ್ಯಕ್ಕೆ ಕೆಲಸಕ್ಕೆ ಬರುವುದು ಇನ್ನೊಂದಿದೆ: ಪರೀಕ್ಷೆಗೆ ಹೋಗುವ ಮುಂಚೆ ಹತ್ತು ನಿಮಿಷ, ಭಯ ಏನೇನಿದೆಯೋ ಎಲ್ಲ ಹಾಳೆಯಲ್ಲಿ ಬರೆಯಿರಿ. 'ಎರಡನೇ ಪಾಠ ಬಂದರೆ ಮುಗೀತು', 'ಅಪ್ಪನಿಗೆ ಏನು ಹೇಳಲಿ', ಹೇಗೆ ಬರುತ್ತೋ ಹಾಗೆ. ಬರೆದು ಹರಿದು ಹಾಕಿ. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದ ಪ್ರಕಾರ, ಪರೀಕ್ಷೆ ಅಂದರೆ ನಡುಗುವ ವಿದ್ಯಾರ್ಥಿಗಳಿಗೆ ಹೀಗೆ ಬರೆದದ್ದು ಅಂಕದಲ್ಲೇ ನೆರವಾಯಿತು. ಒಳಗೇ ಸುತ್ತುವ ಚಿಂತೆ, ಲೆಕ್ಕ ಬಿಡಿಸಲು ಬೇಕಾದ ಗಮನವನ್ನೂ ತಿನ್ನುತ್ತದೆ.

ಪ್ರಶ್ನೆ: ಪಿಎಚ್.ಡಿ. ಮೂರನೇ ವರ್ಷ. ನಮ್ಮ ವಿಭಾಗದಲ್ಲಿ ಒಂದು ಶಿಬಿರ ಇತ್ತು. ಮಲಗಿಸಿ, ಪಾದದಿಂದ ಶುರುಮಾಡಿ ಮೈಯ ಒಂದೊಂದೇ ಭಾಗದ ಮೇಲೆ ಗಮನ ಇಡಿಸಿದರು. ಎದೆಯ ಹತ್ತಿರ ಬರುವಷ್ಟರಲ್ಲಿ ಎದೆ ಡವಡವ ಹೊಡೆದುಕೊಂಡಿತು, ಬೆವರಿದೆ, ಅಳು ಬಂತು. ನಡೆಸಿಕೊಟ್ಟವರು 'ಒಳಗಿರೋದು ಹೊರಗೆ ಬರ್ತಿದೆ, ಒಳ್ಳೇದೇ, ಮುಂದುವರಿಸಿ' ಎಂದರು. ರೂಮಿನಲ್ಲಿ ಮಾಡಿದಾಗಲೂ ಹಾಗೇ ಆಗುತ್ತದೆ. ಉಳಿದವರೆಲ್ಲ ಹಾಯಾಗಿದ್ದರು. ನನ್ನಲ್ಲೇ ದೋಷ ಇದೆಯಾ?

ಇಲ್ಲ. ಮೊದಲು ಆ ಅಭ್ಯಾಸ ನಿಲ್ಲಿಸಿ. 'ಮುಂದುವರಿಸಿ' ಅಂದದ್ದು ಸರಿಯಲ್ಲ.

ಧ್ಯಾನದಿಂದ ಎಲ್ಲರಿಗೂ ನೆಮ್ಮದಿಯೇ ಸಿಗುತ್ತದೆ ಅನ್ನುವುದು ಪೋಸ್ಟರ್ ಮಾತು. ಬ್ರೌನ್ ವಿಶ್ವವಿದ್ಯಾಲಯದ ವಿಲಬಿ ಬ್ರಿಟನ್ ಮತ್ತು ಸಂಗಡಿಗರು ಧ್ಯಾನಿಗಳನ್ನೂ ಗುರುಗಳನ್ನೂ ಮಾತಾಡಿಸಿ 2017ರಲ್ಲಿ ವಿವರವಾಗಿ ಬರೆದರು. ಭಯ, ನಿದ್ದೆ ಬಾರದಿರುವುದು, ಹಳೇ ಕಹಿ ನೆನಪು ನುಗ್ಗಿ ಬರುವುದು, ತನ್ನ ಮೈ ತನ್ನದೇ ಅಲ್ಲವೇನೋ ಅನ್ನಿಸುವುದು, ಎಲ್ಲವೂ ಅಲ್ಲಿವೆ. ಧ್ಯಾನ ಕಲಿಸುವವರಿಗೆ ಇದು ಗೊತ್ತಿರಲೇಬೇಕು.

ಯಾಕೆ ಹೀಗಾಗುತ್ತದೆ? ಕಣ್ಣು ಮುಚ್ಚಿ ಸುಮ್ನೆ ಮಲಗಿದಾಗ ಹೊರಗಿನ ಸದ್ದು, ನೋಟ ಎಲ್ಲ ಹಿಂದೆ ಸರಿಯುತ್ತವೆ. ಮೈಯೊಳಗಿನದು ಜೋರಾಗುತ್ತದೆ. ಗಾಬರಿಯ ಸ್ವಭಾವ ಇದ್ದವರಿಗೆ, ಹಿಂದೆ ಏನಾದರೂ ಆಘಾತ ಆಗಿದ್ದವರಿಗೆ, ಎದೆಬಡಿತ ಕಿವಿಗೆ ಬಿದ್ದರೆ ಸಾಕು, 'ಏನೋ ಆಗ್ತಿದೆ' ಎಂಬ ಅಪಾಯದ ಸೂಚನೆ ಆಗಿಬಿಡುತ್ತದೆ. ಹೆದರಿಕೆಗೆ ಬಡಿತ ಹೆಚ್ಚುತ್ತದೆ, ಬಡಿತಕ್ಕೆ ಹೆದರಿಕೆ. ಪಕ್ಕದವರಿಗೆ ಹಾಗಾಗಲಿಲ್ಲ ಅಂತ ಅವರು ಗಟ್ಟಿ, ನೀವು ದುರ್ಬಲ ಅಂತಲ್ಲ.

ಇಷ್ಟರ ಮೇಲೂ ಆಸಕ್ತಿ ಇದ್ದರೆ ಕಣ್ಣು ತೆರೆದುಕೊಂಡು ಮಾಡುವಂಥದ್ದನ್ನು ಆರಿಸಿ. ನಡಿಗೆ ಒಳ್ಳೆಯದು. ಹಾಸ್ಟೆಲ್ಲಿನ ಉದ್ದನೆಯ ಕಾರಿಡಾರ್ ಆದರೂ ಸಾಕು. ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ, ಮಾಮೂಲಿಗಿಂತ ಸ್ವಲ್ಪ ನಿಧಾನ. ಹಿಮ್ಮಡಿ ಊರಿದ್ದು, ಭಾರ ಮುಂದಕ್ಕೆ ಜಾರಿದ್ದು, ಬೆರಳು ನೆಲ ಬಿಟ್ಟಿದ್ದು, ಇಷ್ಟನ್ನೇ ಗಮನಿಸಿ. ಮನಸ್ಸು ಹೋದರೆ ಪಾದಕ್ಕೆ ವಾಪಸ್ ಬನ್ನಿ. ಇಲ್ಲವಾದರೆ ಕೂತು, ದೂರದ ಸದ್ದು ಯಾವುದು, ಹತ್ತಿರದ್ದು ಯಾವುದು ಅಂತ ಸುಮ್ನೆ ಕೇಳಿಸಿಕೊಳ್ಳಿ. ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಗಾಬರಿ ಏರತೊಡಗಿದರೆ ತಕ್ಷಣ ಎದ್ದು ತಣ್ಣೀರಲ್ಲಿ ಮುಖ ತೊಳೆಯಿರಿ, ಯಾರ ಹತ್ತಿರವಾದರೂ ಮಾತಾಡಿ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಹಾಗಾಗಿ ಎಳೆದುಕೊಂಡದ್ದಕ್ಕಿಂತ ಬಿಡುವುದನ್ನು ಉದ್ದ ಮಾಡುವುದೂ ಹಲವರಿಗೆ ನೆರವಾಗುತ್ತದೆ. ಉಸಿರನ್ನು ಗಮನಿಸುವುದೇ ಕಿರಿಕಿರಿ ಆದರೆ ಅದನ್ನೂ ಬಿಡಿ.

ಧ್ಯಾನ ನಿಲ್ಲಿಸಿದ ಮೇಲೂ ಎದೆ ಡವಗುಡುವುದು, ನಿದ್ದೆ ಬಾರದಿರುವುದು ಮುಂದುವರಿದರೆ ಕ್ಯಾಂಪಸ್‌ನ ಸಮಾಲೋಚಕರನ್ನೋ ವೈದ್ಯರನ್ನೋ ನೋಡಿ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ನಾಳೆ ಅನ್ನಬೇಡಿ, ಅವತ್ತೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವೇ ನಿಲ್ಲಿಸುವಂತಿಲ್ಲ. 2022ರ ಒಂದು ಅಧ್ಯಯನದಲ್ಲಿ ಆತಂಕದ ಕಾಯಿಲೆ ಇದ್ದವರಿಗೆ ಎಂಟು ವಾರದ ಕೋರ್ಸು ಎಸಿಟಾಲೊಪ್ರಾಮ್ ಮಾತ್ರೆಯಷ್ಟೇ ಕೆಲಸ ಮಾಡಿತು ಎಂಬುದನ್ನು ಹಿಡಿದುಕೊಂಡು ಕೆಲವರು 'ಹಾಗಾದರೆ ಮಾತ್ರೆ ಬೇಡ' ಅನ್ನುತ್ತಾರೆ. ಅಲ್ಲಿ ಕಲಿಸಿದವರು ತರಬೇತಿ ಆದವರು, ಬಂದವರನ್ನು ಮೊದಲೇ ಪರೀಕ್ಷಿಸಿ ಸೇರಿಸಿಕೊಂಡಿದ್ದರು. ರೂಮಿನಲ್ಲಿ ಒಬ್ಬರೇ ಮಾಡುವುದಕ್ಕೂ ಅದಕ್ಕೂ ಬಹಳ ವ್ಯತ್ಯಾಸ ಇದೆ.

ಪ್ರಶ್ನೆ: ನಾನು ಜೀವಶಾಸ್ತ್ರದ ಅಧ್ಯಾಪಕಿ. ಪ್ರತಿ ತರಗತಿಯ ಮೊದಲ ಐದು ನಿಮಿಷ ಎಲ್ಲರಿಗೂ ಧ್ಯಾನ ಕಡ್ಡಾಯ ಮಾಡಬೇಕು ಅಂದುಕೊಂಡಿದ್ದೇನೆ. ನಿಮ್ಮ ಸಲಹೆ?

ಕಡ್ಡಾಯ ಬೇಡ, ಮೇಡಂ. ಮೇಲಿನ ಪ್ರಶ್ನೆ ಓದಿದಿರಲ್ಲ. ನಿಮ್ಮ ತರಗತಿಯಲ್ಲೂ ಅಂಥವರು ಇರುತ್ತಾರೆ, ಎದ್ದು ಹೇಳುವುದಿಲ್ಲ. ಬ್ರಿಟನ್ನಿನ 85 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನವೂ 2022ರಲ್ಲಿ ಹೇಳಿದ್ದು ಇದನ್ನೇ: ಇಡೀ ತರಗತಿಗೆ ಕಲಿಸಿದಾಗ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಬಹುತೇಕ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಬೇಡದವರ ಮೇಲೆ ಹೇರಿದರೆ ಅಷ್ಟೇ.

ನೀವು ಉಸಿರಿನ ಅಭ್ಯಾಸ ಬದಿಗಿಟ್ಟು ನಿಮ್ಮ ವಿಷಯವನ್ನೇ ಹಿಡಿಯಿರಿ ಅನ್ನುತ್ತೇನೆ. ಹಾರ್ವರ್ಡ್‌ನಲ್ಲಿ ಕಲೆಯ ಇತಿಹಾಸ ಕಲಿಸುವ ಜೆನಿಫರ್ ರಾಬರ್ಟ್ಸ್ ತಮ್ಮ ವಿದ್ಯಾರ್ಥಿಗಳನ್ನು ಒಂದೇ ಚಿತ್ರದ ಮುಂದೆ ಪೂರ್ತಿ ಮೂರು ಗಂಟೆ ಕೂರಿಸುತ್ತಾರೆ. ಮೊದಲ ಅರ್ಧ ಗಂಟೆ ಚಡಪಡಿಕೆ. ಆಮೇಲೆ ಅಷ್ಟು ಹೊತ್ತು ಕಣ್ಣೆದುರೇ ಇದ್ದರೂ ಕಾಣದಿದ್ದದ್ದು ಕಾಣತೊಡಗುತ್ತದೆ. ನಿಮಗೆ ಮೂರು ಗಂಟೆ ಸಿಗುವುದಿಲ್ಲ, ಗೊತ್ತು. ಪ್ರಾಕ್ಟಿಕಲ್ ದಿನ ಒಂದು ಎಲೆ ಕೊಟ್ಟು ಹದಿನೈದು ನಿಮಿಷ ಮಾತಿಲ್ಲ, ಫೋನಿಲ್ಲ, ಹೆಸರು ಬರೆಯುವ ಹಾಗಿಲ್ಲ ಅನ್ನಿ. ಬರೀ ನೋಡುವುದು, ಕಂಡದ್ದನ್ನು ಪೆನ್ಸಿಲ್ಲಿನಲ್ಲಿ ಬಿಡಿಸುವುದು. ಐದನೇ ನಿಮಿಷಕ್ಕೆ 'ಆಯ್ತು ಮೇಡಂ' ಅನ್ನುತ್ತಾರೆ. ಆಗಲಿಲ್ಲ, ಮತ್ತೆ ನೋಡಿ ಅನ್ನಿ. ಎಲೆಯ ಅಂಚಿನ ಹಲ್ಲುಗಳು, ನರಗಳು ಕವಲಾಗುವ ರೀತಿ, ತಳಭಾಗದ ಸಣ್ಣ ರೋಮ, ಹುಳ ತಿಂದ ಜಾಗದ ಸುತ್ತಲಿನ ಕಂದು ಗೆರೆ ಎಲ್ಲ ಆಮೇಲೆ ಬರುತ್ತವೆ. ಗಮನ ಅಲೆದು ವಾಪಸ್ ಬರುವ ಕೆಲಸ ಇಲ್ಲೂ ನಡೆಯುತ್ತದೆ, ಪಾಠವೂ ಆಗುತ್ತದೆ. ಯಾರ ಎದೆಯೂ ಡವಗುಟ್ಟುವ ಸಂಭವ ಕಡಿಮೆ.

ಪ್ರಶ್ನೆ: ಪರೀಕ್ಷಾ ವಿಭಾಗದಲ್ಲಿ ಗುಮಾಸ್ತ. ಇಬ್ಬರು ನಿವೃತ್ತರಾದರು, ಜಾಗಕ್ಕೆ ಯಾರೂ ಬರಲಿಲ್ಲ. ಮೂವರ ಕೆಲಸ ನಾನೊಬ್ಬನೇ ಮಾಡುತ್ತಿದ್ದೇನೆ. ಒತ್ತಡ ಅಂತ ಹೇಳಿದ್ದಕ್ಕೆ ಮೇಲಿನವರು ಮೈಂಡ್‌ಫುಲ್‌ನೆಸ್ ಕಾರ್ಯಾಗಾರಕ್ಕೆ ಕಳಿಸಿದರು. ಸಿಟ್ಟು ಬರುತ್ತದೆ. ತಪ್ಪಾ?

ಸಿಟ್ಟು ನ್ಯಾಯವಾದದ್ದೇ. ಮೂವರ ಕೆಲಸ ಒಬ್ಬರ ಮೇಜಿನ ಮೇಲಿದ್ದರೆ ಅದಕ್ಕೆ ಬೇಕಾದದ್ದು ಇನ್ನಿಬ್ಬರು, ಉಸಿರಾಟ ಅಲ್ಲ. 2015ರಲ್ಲಿ ವಿಶ್ವವಿದ್ಯಾಲಯಗಳಿಗಾಗಿ ಹೊರಬಂದ ಒಕನಾಗನ್ ಸನ್ನದು ಆರೋಗ್ಯದ ಕಾಳಜಿ ಕ್ಯಾಂಪಸ್‌ನ ಆಡಳಿತದಲ್ಲೂ ದಿನದ ಕೆಲಸಕಾರ್ಯದಲ್ಲೂ ಸೇರಿರಬೇಕು ಅನ್ನುತ್ತದೆ. ಕಾರ್ಯಾಗಾರ ಮಾಡಿ ಕೈತೊಳೆದುಕೊಳ್ಳಲು ಅದರಲ್ಲಿ ಅವಕಾಶ ಇಲ್ಲ. ಒಂದು ವಾರ ನಿಮ್ಮ ಕೆಲಸಗಳನ್ನೂ ಹಿಡಿದ ಹೊತ್ತನ್ನೂ ಬರೆದಿಟ್ಟು, ಲಿಖಿತವಾಗಿ ಕೊಡಿ. 'ಒತ್ತಡ ಇದೆ' ಅನ್ನುವುದಕ್ಕಿಂತ 'ಇಷ್ಟು ಅರ್ಜಿ, ಇಷ್ಟು ಗಂಟೆ' ಅನ್ನುವುದಕ್ಕೆ ಉತ್ತರ ಕೊಡದೆ ಇರುವುದು ಕಷ್ಟ. ಇನ್ನೂ ಇಬ್ಬರು ಸಹೋದ್ಯೋಗಿಗಳು ಸಹಿ ಹಾಕಿದರೆ ಇನ್ನೂ ಒಳ್ಳೆಯದು.

ಕಲಿತದ್ದನ್ನು ಎಸೆಯಲೂ ಬೇಡಿ. ಕೌಂಟರಿನಾಚೆ ಅಂಕಪಟ್ಟಿಗೆ ಅಲೆದು ಸುಸ್ತಾದ ಹುಡುಗ ದನಿ ಏರಿಸಿದಾಗ, ಉತ್ತರಿಸುವ ಮುಂಚೆ ದವಡೆ ಬಿಗಿದದ್ದು ಗೊತ್ತಾದರೆ ಅದನ್ನು ಸಡಿಲಿಸಿ ಒಂದು ಉಸಿರು ಬಿಡಿ. ಲಾಭ ನಿಮಗೆ, ಆ ಹುಡುಗನಿಗೆ. ನಿಮ್ಮ ಮೇಲಿನವರಿಗೆ ಅಲ್ಲ.

ಪ್ರಶ್ನೆ: ಇದು ಬೌದ್ಧ ಧರ್ಮದಿಂದ ಬಂದದ್ದಂತೆ. ಬೇರೆ ಧರ್ಮದವರು, ನಾಸ್ತಿಕರು ಮಾಡಬಹುದಾ?

ಬೇರು ಬೌದ್ಧರದ್ದೇ, ಮುಚ್ಚಿಡುವಂಥದ್ದೇನಿಲ್ಲ. ಆಸ್ಪತ್ರೆ, ಕಾಲೇಜುಗಳಲ್ಲಿ ಕಲಿಸುವ ರೂಪದಲ್ಲಿ ಪೂಜೆ, ಮಂತ್ರ, ನಂಬಿಕೆ ಯಾವುದೂ ಇಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ನಿಮ್ಮಲ್ಲೇ ಇರುವುದನ್ನು ಮಾಡಿ. ಕ್ರೈಸ್ತ ಮಠಗಳಲ್ಲಿ ಗ್ರಂಥದ ನಾಲ್ಕು ಸಾಲನ್ನು ನಿಧಾನವಾಗಿ ಓದಿ ಮೌನವಾಗಿರುವ ರೂಢಿ ಇದೆ, ಸೂಫಿಗಳಲ್ಲಿ ದೇವರ ನಾಮ ಸ್ಮರಿಸುವ ಜಿಕ್ರ್ ಇದೆ, ಜಪ ಎಲ್ಲರಿಗೂ ಗೊತ್ತೇ ಇದೆ. ಯಾವುದೂ ಬೇಡವಾದರೆ ನಡಿಗೆ ಇದೆಯಲ್ಲ.

ಪ್ರಶ್ನೆ: ಆ್ಯಪ್ ಸಾಕಾ, ತರಗತಿಗೇ ಹೋಗಬೇಕಾ?

ರುಚಿ ನೋಡಲು ಆ್ಯಪ್ ಸಾಕು. ಎರಡು ವಾರದಲ್ಲಿ ಬಿಟ್ಟುಬಿಡುವವರೇ ಜಾಸ್ತಿ, ಯಾಕೆಂದರೆ ಅದು ನಿಮ್ಮನ್ನು 'ಹೇಗಾಯ್ತು' ಅಂತ ಕೇಳಿ ಉತ್ತರಕ್ಕೆ ಕಾಯುವುದಿಲ್ಲ. ಗುಂಪಿನಲ್ಲಿ 'ನನಗೂ ನಿದ್ದೆ ಬಂತು' ಅನ್ನುವವರು ಇನ್ನೊಬ್ಬರು ಸಿಕ್ಕರೆ ಮುಂದಿನ ವಾರ ಮತ್ತೆ ಬರುತ್ತೀರಿ. ತರಗತಿ ಸೇರುವ ಮುಂಚೆ ಕಲಿಸುವವರಿಗೆ ಎರಡು ಪ್ರಶ್ನೆ ಕೇಳಿ. ತಾವು ಎಷ್ಟು ಕಾಲದಿಂದ ಅಭ್ಯಾಸ ಮಾಡುತ್ತಿದ್ದೀರಿ, ಎಲ್ಲಿ ಕಲಿತಿರಿ? ನಡುವೆ ಯಾರಿಗಾದರೂ ಗಾಬರಿಯಾದರೆ ಏನು ಮಾಡುತ್ತೀರಿ? ಎರಡನೆಯದಕ್ಕೆ 'ಹಾಗೆಲ್ಲ ಆಗೋದೇ ಇಲ್ಲ' ಅಂದರೆ ಬೇರೆ ತರಗತಿ ಹುಡುಕಿ.